ದಾನವ್ವನ ಚೀಟಿ

ಹಳೇ ಹುಬ್ಬಳ್ಳಿ
ತಾ. ೧೨-೮-೧೯೪೦

ಚಿರಂಜೀವಿ ಶಾಂತೂನಿಗೆ ಅಕ್ಕ ಚನ್ನಬಸವ್ವನ ಆಶೀರ್ವಾದ.

ಪುಣೆಯಲ್ಲಿ ನಿನ್ನ ಓದು ಎಲ್ಲಿಯವರೆಗೆ ಬಂತು ಎಂದು ನಾನು ಇದುವರೆಗೆ ಕೇಳಿದವಳಲ್ಲ. ಜನರ ಹುಟ್ಟು, ಸಾವು, ಲಗ್ನಗಳ ಲೆಕ್ಕ ಬರೆದರೆ ಎಂ.ಎ. ಪದವಿ ಕೊಡುತ್ತಾರೆ ಎಂದು ನೀನು ಹೇಳಿದಾಗ ನಕ್ಕಿದ್ದೆ. ಆ ಲೆಕ್ಕ ಈಗ ನನ್ನ ಬಾಗಿಲಿಗೇ ಬಂದು ನಿಂತಿದೆ, ನಗು ಬರುತ್ತಿಲ್ಲ.

ಗಂಡ ಸತ್ತ ಎಳೆಯ ಹುಡುಗಿಯರಿಗಾಗಿ ನಾನು ನಡೆಸುವ ಈ ವಸತಿ ಅರಳೆ ವ್ಯಾಪಾರಿ ಗುರುಶಿದ್ದಪ್ಪನವರು ಬಿಟ್ಟುಕೊಟ್ಟ ಮನೆಯಲ್ಲಿದೆ ಎಂಬುದು ನಿನಗೆ ಗೊತ್ತು. ಅವರು ಇರುವವರೆಗೆ ಬಾಡಿಗೆಯ ಮಾತೇ ಇರಲಿಲ್ಲ. ಅವರು ಲಿಂಗೈಕ್ಯರಾಗಿ ವರ್ಷ ತುಂಬುವ ಮೊದಲೇ ಮಕ್ಕಳು ಬಂದು ಪಡಸಾಲೆಯನ್ನು ಅಡ್ಡ ಉದ್ದ ನೋಡಿದರು. "ಅಕ್ಕೋರ, ನಿಮ್ಮ ಮ್ಯಾಲೆ ನಮಗ ಸಿಟ್ಟಿಲ್ಲರಿ. ಆದರ ಅರಳಿ ಅಂಡಿಗಿ ಇಡಾಕ ಜಾಗಾ ಇಲ್ಲ. ಸರಕಾರ ನಿಮ್ಮ ವಸತಿಗೆ ಮಾನ್ಯತಾ ಕೊಟ್ರ ಇರ್ರಿ, ಇಲ್ಲಂದ್ರ ನಮ್ಮ ಮನಿ ನಮಗ ಬಿಡ್ರಿ" ಎಂದರು. ಸಿಟ್ಟಿಲ್ಲದವರ ಸಂಗಡ ಜಗಳ ಆಡಲು ಬರುವುದಿಲ್ಲ. ಸರಕಾರಕ್ಕೆ ಅರ್ಜಿ ಬರೆದೆ.

ನಿನ್ನೆ ಉತ್ತರ ಬಂದಿದೆ. ಕಳೆದ ಖಾನೇಸುಮಾರಿಯ, ಅಂದರೆ ಮೂವತ್ತೊಂದರ ಜನಗಣತಿಯ, ಅಂಕಿಗಳ ಪ್ರಕಾರ ಈ ಶಹರದಲ್ಲಿ ಹದಿನೈದರೊಳಗಿನ ವಿಧವೆಯರು ಒಂಬತ್ತು ಜನ ಇರಬಹುದಂತೆ. ಆದ್ದರಿಂದ ಪ್ರತ್ಯೇಕ ವಸತಿಯ ಅವಶ್ಯಕತೆ ಕಾಣುವುದಿಲ್ಲವಂತೆ. ಆ ಕಾಗದ ಓದುವಾಗ ನನ್ನ ಪಡಸಾಲೆಯಲ್ಲಿ ಊಟಕ್ಕೆ ಕೂತವರು ಹದಿನಾಲ್ಕು ಜನ.

ಇವರಿಗೆ ತವರು ಇಲ್ಲವೆಂದಲ್ಲ. ತವರು ಇದ್ದೇ ಇಲ್ಲಿಗೆ ಬಂದವರು. ತಿರುಗಿ ಹೋದರೆ ಹಿತ್ತಲ ಕೋಣೆ, ಮುಸುರೆ, ಶುಭಕಾರ್ಯದ ದಿನ ಕದದ ಹಿಂದೆ ಕೂಡುವುದು. ಅದನ್ನು ನಾನು ಯಾರಿಂದಲೋ ಕೇಳಿ ಹೇಳುತ್ತಿಲ್ಲ.

ನೀನು ಆ ಅಂಕಿಗಳ ಪುಸ್ತಕ ಹುಡುಕು. ಆ ಒಂಬತ್ತು ಜನ ಯಾರು, ಯಾವ ಓಣಿಯವರು ನೋಡಿ ಬರೆ. ಉಳಿದವರ ಹೆಸರನ್ನು ನಾನು ಬರೆದು ಕಳಿಸುತ್ತೇನೆ, ಸೇರಿಸಿಕೊಳ್ಳಲಿ.

ನಿನ್ನ ಅಕ್ಕ
ಚನ್ನಬಸವ್ವ


ಸದಾಶಿವ ಪೇಠ, ಪುಣೆ
ತಾ. ೩-೯-೧೯೪೦

ಅಕ್ಕನಿಗೆ ಶಾಂತಯ್ಯನ ಶರಣು.

ಪುಸ್ತಕ ಸಿಕ್ಕಿತು. ಮುಂಬಯಿ ಇಲಾಖೆಯದು ಎರಡು ಭಾಗ. ಮೊದಲನೆಯದರಲ್ಲಿ ಬರೀ ವಿವರಣೆ, ಎಲ್ಲರೂ ಅದನ್ನೇ ಓದುತ್ತಾರೆ. ಎರಡನೆಯದರಲ್ಲಿ ಬರೀ ಕೋಷ್ಟಕಗಳು. ಅದನ್ನು ಕೇಳಿದಾಗ ಗ್ರಂಥಪಾಲಕರು "ಇದನ್ನೂ ಓದುವವರಿದ್ದಾರೆಯೆ" ಎಂಬಂತೆ ನನ್ನನ್ನು ನೋಡಿದರು.

ಅಕ್ಕಾ, ಆ ಪುಸ್ತಕದಲ್ಲಿ ಹೆಸರುಗಳಿಲ್ಲ. ಎಣಿಸುವವರು ಮನೆಮನೆಗೆ ಹೋಗಿ ಬರೆದ ಹಾಳೆಗಳಿಂದ ತಲೆಗೊಂದು ಚೀಟಿ ಮಾಡುತ್ತಾರೆ. ಆ ಚೀಟಿಗಳನ್ನು ಗೂಡುಗಳಿಗೆ ಹಾಕಿ ಎಣಿಸಿ, ಅಂಕಿ ಬಂದ ಮೇಲೆ ನಾಶ ಮಾಡುತ್ತಾರೆ. ಉಳಿಯುವುದು ಅಂಕಿ ಮಾತ್ರ. ನಿನ್ನ ಒಂಬತ್ತು ಜನ ಯಾರೆಂದು ಈಗ ದೇವರಿಗೂ ಸರಕಾರಕ್ಕೂ ಗೊತ್ತಿಲ್ಲ.

ಇನ್ನೊಂದು ಸಂಗತಿ. ನಮ್ಮ ಜನರಿಗೆ ತಮ್ಮ ವಯಸ್ಸು ಸರಿಯಾಗಿ ತಿಳಿದಿರುವುದಿಲ್ಲವೆಂದು ಹದಿನಾಲ್ಕರಿಂದ ಹದಿನಾರರವರೆಗಿನವರನ್ನು ಒಂದೇ ಗೂಡಿಗೆ ಹಾಕಿ, ಅದರಲ್ಲಿ ಅರ್ಧವನ್ನು ಹದಿನೈದರ ಕೆಳಗೆ, ಅರ್ಧವನ್ನು ಹದಿನೈದರ ಮೇಲೆ ಹಂಚಿದ್ದಾರೆ. ಆ ಒಂಬತ್ತೂ ಶಹರದಲ್ಲಿ ಎಣಿಸಿದ ಒಂಬತ್ತಲ್ಲ. ಜಿಲ್ಲೆಯ ಅಂಕಿಯನ್ನು ಶಹರದ ಅಳತೆಗೆ ಕತ್ತರಿಸಿ ತೆಗೆದದ್ದು. ಅಂದರೆ ನಿನ್ನ ಕಚೇರಿಯವರು ಅರ್ಧ ಹುಡುಗಿಯರನ್ನೂ ಕಾಲು ಹುಡುಗಿಯರನ್ನೂ ಕೂಡಿಸಿ ಒಂಬತ್ತು ಮಾಡಿದ್ದಾರೆ.

ಆದರೂ ಜಿಲ್ಲೆಯ ಅಂಕಿಯೇ ಸಣ್ಣದು, ಅದನ್ನು ಮುಚ್ಚಿಡಲಾರೆ. ಬಾಲ್ಯವಿವಾಹದ ಕಾಯ್ದೆ ಮೂವತ್ತರ ಏಪ್ರಿಲಿನಲ್ಲಿ ಜಾರಿಗೆ ಬಂತಲ್ಲ, ಅದಕ್ಕೂ ಮೊದಲು ಎಲ್ಲರೂ ತೊಟ್ಟಿಲ ಕೂಸುಗಳ ಲಗ್ನವನ್ನೂ ಮುಗಿಸಿದ್ದರು. ಹಾಗಾಗಿ ಮರುವರ್ಷದ ಗಣತಿಯಲ್ಲಿ ಲಗ್ನವಾದ ಎಳೆಯರ ಸಂಖ್ಯೆ ಏರಿದೆ. ಅವರಲ್ಲಿ ವಿಧವೆಯರಾದವರೂ ಏರಬೇಕಿತ್ತು. ಏರಿಲ್ಲ. ಹಿರಿಯರು ಎಚ್ಚೆತ್ತುಕೊಂಡು ಗಟ್ಟಿಮುಟ್ಟಾದ ವರನನ್ನೇ ಹುಡುಕುತ್ತಿದ್ದಾರೆ, ಸಮಾಜ ಸುಧಾರಿಸುತ್ತಿದೆ ಎಂದು ನನ್ನ ಪ್ರಬಂಧದಲ್ಲಿ ಒಂದು ಅಧ್ಯಾಯವನ್ನೇ ಬರೆದಿದ್ದೇನೆ. ಪ್ರಾಧ್ಯಾಪಕರು ಮೆಚ್ಚಿಕೊಂಡಿದ್ದಾರೆ. ನಿನ್ನ ಒಂದು ಪಡಸಾಲೆಯನ್ನು ನೋಡಿ ಜಿಲ್ಲೆಯ ಲೆಕ್ಕ ತಪ್ಪೆನ್ನಲು ನನಗೆ ಮನಸ್ಸು ಬಾರದು.

ಮೂವತ್ತೊಂದರಲ್ಲಿ ನಮ್ಮ ಓಣಿಯನ್ನು ಎಣಿಸಿದವರು ಅಪ್ಪನೇ ಅಲ್ಲವೆ? ಧಾರವಾಡಕ್ಕೆ ಹೋದಾಗ ಹೇಗೆ ಬರೆದುಕೊಂಡಿರಿ ಎಂದು ಕೇಳಿ ನೋಡು. ನೀವಿಬ್ಬರೂ ಮಾತಾಡಿ ಎಷ್ಟು ದಿನವಾಯಿತೋ ನನಗೆ ತಿಳಿಯದು, ಆದರೂ ಕೇಳು.

ನಿನ್ನ ತಮ್ಮ
ಶಾಂತಯ್ಯ


ಹಳೇ ಹುಬ್ಬಳ್ಳಿ
ತಾ. ೧೪-೧೦-೧೯೪೦

ಶಾಂತೂನಿಗೆ ಆಶೀರ್ವಾದ.

ದಸರೆಯ ಸೂಟಿಯಲ್ಲಿ ಧಾರವಾಡಕ್ಕೆ, ಕಾಕಾನ ಮನೆಗೆ ಹೋಗಿದ್ದೆ. ಅಪ್ಪ ಜಗಲಿಯ ಮೇಲೆ ಕೂತಿದ್ದರು. ಸಾಲಿ ಮಾಸ್ತರಿಕೆಯಿಂದ ನಿವೃತ್ತರಾದರೂ ಎದುರಿಗಿದ್ದವರು ತಪ್ಪು ಹೇಳುವುದನ್ನೇ ಕಾಯುವ ರೂಢಿ ಹೋಗಿಲ್ಲ. ನಾನು ಸುತ್ತು ಬಳಸದೆ ಕೇಳಿದೆ.

"ಅಪ್ಪಾ, ಮೂವತ್ತೊಂದರ ಖಾನೇಸುಮಾರ್ಯಾಗ ಲಗ್ನದ ಮಾತು ಹೆಂಗ ಕೇಳತಿದ್ರಿ?"

"ಹೆಂಗ ಕೇಳೋದು? ಲಗ್ನ ಆಗೈತೇನ್ರಿ ಅಂತ ಕೇಳತಿದ್ದೆ. ಆಗೈತಿ ಅಂದ್ರ ಬರಕೊಂಡು ಮುಂದಿನ ಮನಿಗೆ ಹೋಗತಿದ್ದೆ."

"ಗಂಡ ಅದಾನೋ ಇಲ್ಲೋ ಅಂತ ಕೇಳತಿರ್ಲಿಲ್ಲೇನ್ರಿ?"

"ಎಂಟು ವರ್ಷದ ಕೂಸು ಕಣ್ಣಮುಂದ ಆಡಾಕತ್ತಿರತೈತಿ. ಅದರ ಮುಂದ ಅವರಪ್ಪಗ ಯಾವ ಬಾಯಿಲೆ ಕೇಳಲಿ? ಕೇಳಾಕ ಒಂದು ಛಲೋ ಶಬ್ದರೆ ಐತೇನು ನಮ್ಮಲ್ಲಿ?"

ಖರೇ ಶಾಂತೂ, ಇಲ್ಲ. ಸರಕಾರದ ಕಾಗದದಲ್ಲಿರುವ ವಿಧವೆ ಎಂಬ ಮಾತು ಓಣಿಯಲ್ಲಿ ಯಾರ ಬಾಯಲ್ಲೂ ಇಲ್ಲ. ಓಣಿಯಲ್ಲಿರುವ ಮಾತಿನಿಂದ ಸಿಟ್ಟು ಬಂದಾಗ ಎಮ್ಮೆಯನ್ನೂ ಬೈಯುತ್ತಾರೆ. ಅದನ್ನು ಒಬ್ಬ ಮರ್ಯಾದಸ್ಥ ಮಾಸ್ತರು ಒಬ್ಬ ತಂದೆಯ ಮುಂದೆ ಹೇಗೆ ಉಚ್ಚರಿಸಬೇಕು? ಅಪ್ಪನಷ್ಟೇ ಅಲ್ಲ, ಜಿಲ್ಲೆಯ ಅರ್ಧ ಮಾಸ್ತರರು ಹೀಗೇ ಮಾಡಿದ್ದಾರು. ನಿನ್ನ ಸುಧಾರಣೆ ಎಂದರೆ ಇಷ್ಟೇ, ನಮ್ಮವರ ಮರ್ಯಾದೆ. ಗಂಡ ಸತ್ತ ಕೂಸುಗಳೆಲ್ಲ ಲಗ್ನವಾದವರ ಗೂಡಿನಲ್ಲಿ ಕೂತಿವೆ.

ದೊಡ್ಡ ಹೆಂಗಸರದು ಇದರ ಉಲ್ಟಾ ಎಂದು ಅಪ್ಪನೇ ಹೇಳಿದರು. ಒಕ್ಕಲಮನೆಗಳಲ್ಲಿ ಗಂಡ ಸತ್ತ ಮೇಲೆ ಉಡಿಕಿಯಾಗಿ ಇನ್ನೊಬ್ಬನ ಸಂಗಡ ಸಂಸಾರ ಮಾಡುವವಳನ್ನು ಕೇಳಿದರೆ, "ಲಗ್ನ ಒಮ್ಮೆ ಆಗಿತ್ರಿ, ಅಂವ ಸತ್ತ. ಇದು ಲಗ್ನ ಅಲ್ಲರಿ, ಉಡಿಕಿ" ಎನ್ನುತ್ತಾಳೆ. ಅವಳನ್ನು ಗಂಡ ಸತ್ತವಳೆಂದೇ ಬರೆದುಕೊಂಡರಂತೆ, ಗಂಡ ಅಲ್ಲೇ ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದರೂ. ನಮ್ಮ ಅಯ್ಯನವರ ಮನೆಗಳಲ್ಲಿ ಉಡಿಕಿಯೂ ಇಲ್ಲ, ಸುಳ್ಳು ಹೇಳಲು ಅದರ ನೆವವೂ ಇಲ್ಲ.

ಕೊನೆಗೆ ಕೇಳಿದೆ, "ನಮ್ಮ ಮನೀದು ಏನ ಬರದ್ರಿ ಅಪ್ಪಾ?" ಹನ್ನೊಂದನೇ ವಯಸ್ಸಿನಲ್ಲಿ ನನಗಾದದ್ದು ಅವರ ಕಣ್ಣೆದುರೇ ಆದದ್ದು. ಅವರು ವಿಭೂತಿ ಗಟ್ಟಿ ತೆಗೆದು ಹಣೆಗೆ ಹಚ್ಚಿಕೊಳ್ಳತೊಡಗಿದರು. "ನೀ ಆವತ್ತ ಸಾಲ್ಯಾಗ ಇದ್ದಿ" ಎಂದಷ್ಟೇ ಅಂದರು.

ಗುರುಶಿದ್ದಪ್ಪನವರ ಮಕ್ಕಳಿಗೆ ಇನ್ನಷ್ಟು ದಿನ ತಡೆಯಿರಿ ಎಂದು ಕೇಳಿಕೊಂಡಿದ್ದೇನೆ. ತಡೆದಾರು, ಆದರೆ ಯಾವುದನ್ನು ತೋರಿಸಿ ತಡೆಯಲಿ?

ಅಕ್ಕ


ಪುಣೆ
ತಾ. ೮-೧೨-೧೯೪೦

ಅಕ್ಕನಿಗೆ ಶರಣು.

ಆ ಅಧ್ಯಾಯವನ್ನು ಹರಿದು ಹಾಕಿದೆ. ಪ್ರಾಧ್ಯಾಪಕರಿಗೆ ನಿನ್ನ ಪತ್ರವನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಉಡಿಕಿಯ ಭಾಗಕ್ಕೆ ನಕ್ಕರು, ಮುಂದಿನದನ್ನು ಇನ್ನೊಮ್ಮೆ ಓದಿಸಿದರು.

ಮೊನ್ನೆ ಧೈರ್ಯ ಮಾಡಿ ನಿನ್ನ ಅರ್ಜಿ ತಳ್ಳಿಹಾಕಿದ ಕಚೇರಿಗೇ ಹೋಗಿದ್ದೆ. ಸಾಹೇಬರು ಕೆಟ್ಟವರಲ್ಲ. "ನಿಮ್ಮ ಅಕ್ಕನ ಮಾತು ನಿಜವಿರಬಹುದು, ಆದರೆ ಕಡತದಲ್ಲಿ ಮಾತನ್ನು ಇಡಲು ಬರುವುದಿಲ್ಲ, ಅಂಕಿಯನ್ನು ಇಡಬಹುದು. ಮಾರ್ಚ್ ತಿಂಗಳಲ್ಲಿ ಹೊಸ ಗಣತಿ ಇದೆ. ಅದರಲ್ಲಿ ಸಂಖ್ಯೆ ತೋರಿಸಿದರೆ ಮರುವಿಚಾರ ಮಾಡುತ್ತೇವೆ" ಎಂದರು. ಬರೆದೂ ಕೊಟ್ಟಿದ್ದಾರೆ. ಆ ಕಾಗದ ಇದರ ಜೊತೆಗಿದೆ, ಮನೆಯ ಮಾಲಕರಿಗೆ ತೋರಿಸು.

ಈ ಸಲದ ಪದ್ಧತಿ ಬೇರೆ. ಮನೆಗೊಂದು ಹಾಳೆ ಇಲ್ಲ. ಬಾಗಿಲಲ್ಲೇ ನಿಂತು ತಲೆಗೊಂದು ಚೀಟಿ ಬರೆಯುತ್ತಾರೆ. ಬರೆದ ಚೀಟಿಯೇ ಗೂಡಿಗೆ ಹೋಗುತ್ತದೆ, ನಡುವೆ ನಕಲು ಮಾಡುವವರಿಲ್ಲ. ಆದ್ದರಿಂದ ಎಲ್ಲವೂ ಬಾಗಿಲಲ್ಲಿ ಕೇಳುವ ಪ್ರಶ್ನೆಯ ಮೇಲೆ ನಿಂತಿದೆ. ಎಣಿಸುವವರ ಸಂಗಡ ನೀನೇ ಹೋಗು. ಹೆಂಗಸರು ನಿನ್ನ ಮುಂದೆ ಬಾಯಿ ಬಿಟ್ಟಾರು. ಗಂಡ ಇದ್ದಾನೆಯೇ ಎಂಬ ಎರಡನೇ ಪ್ರಶ್ನೆಯನ್ನು ಯಾವ ಮನೆಯಲ್ಲೂ ಬಿಡಬೇಡ ಅಕ್ಕಾ, ಒಂದು ಮನೆಯಲ್ಲೂ.

ಶಾಂತಯ್ಯ


ಧಾರವಾಡ
ತಾ. ೧೯-೧-೧೯೪೧

ಚಿ. ಕುಮಾರಿ ಚನ್ನಬಸವ್ವನಿಗೆ ತಂದೆ ಗುರುಸಿದ್ದಯ್ಯನ ಆಶೀರ್ವಾದ.

ನೀನು ಗಣತಿಯವರ ಸಂಗಡ ಓಣಿ ತಿರುಗುವೆಯೆಂದು ಶಾಂತಯ್ಯ ಬರೆದಿದ್ದಾನೆ. ಹೋಗಬೇಡವೆಂದರೆ ನೀನು ಕೇಳುವವಳಲ್ಲ, ಆದ್ದರಿಂದ ಹಾಗೆ ಬರೆಯುವುದಿಲ್ಲ.

ಖಾನೇಸುಮಾರಿಯಲ್ಲಿನ ಸುಮಾರಿ ಎಂಬುದಕ್ಕೆ ಫಾರಸಿಯಲ್ಲಿ ಎಣಿಕೆ ಎಂದರ್ಥ. ಅದೇ ಶಬ್ದ ನಮ್ಮ ಬಾಯಿಗೆ ಬಂದು ಸುಮಾರು ಎಂದಾಗಿದೆ. ನಮ್ಮ ಜನರಿಗೆ ಎಣಿಕೆಯೆಂದರೆ ಅಷ್ಟೇ ಎಂದು ನಾನು ಸಾಲಿಯಲ್ಲಿ ಹೇಳಿ ನಗಿಸುತ್ತಿದ್ದೆ. ಈಗ ನೋಡಿದರೆ ಆ ಸುಮಾರಿನಲ್ಲಿ ಎಷ್ಟೋ ಮನೆಗಳು ಬದುಕಿಕೊಂಡಿವೆ. ನೀನು ಕೇಳಿ ಬರೆಸಿದ್ದನ್ನು ಸರಕಾರ ಎಲ್ಲಿಗೋ ಒಯ್ಯುತ್ತದೆ. ಕೇಳಿದ ಮಾತು ಓಣಿಯಲ್ಲೇ ಉಳಿಯುತ್ತದೆ.

ನಮ್ಮ ಮನೆಯದು ಏನು ಬರೆದಿರಿ ಎಂದು ಕೇಳಿದ್ದೆ. ನಿನ್ನ ಹೆಸರಿನ ಮುಂದೆ ಲಗ್ನವಾಗಿಲ್ಲ ಎಂದು ಬರೆದೆ. ಅದನ್ನು ಸುಳ್ಳೆಂದು ಯಾರು ಬೇಕಾದರೂ ಅನ್ನಲಿ. ಆ ಲಗ್ನವನ್ನು ಮಾಡಿದವನು ನಾನು, ನಿನ್ನನ್ನು ಯಾರೂ ಕೇಳಿರಲಿಲ್ಲ. ಮಾಡಿದವನಿಗೆ ಅದನ್ನು ಅಳಿಸುವ ಹಕ್ಕೂ ಇದೆಯೆಂದು ತಿಳಿದೆ. ಬೇರೆಲ್ಲೂ ಅಳಿಸಲು ಬರಲಿಲ್ಲ, ಅಲ್ಲಿ ಬಂತು.

ಚಳಿ ಹೆಚ್ಚಿದೆ. ಕಂಬಳಿ ಬೇಕಾದರೆ ಹೇಳಿ ಕಳಿಸು.

ಗುರುಸಿದ್ದಯ್ಯ


ಹಳೇ ಹುಬ್ಬಳ್ಳಿ
ತಾ. ೧೧-೩-೧೯೪೧

ಶಾಂತೂನಿಗೆ ಆಶೀರ್ವಾದ.

ಎಣಿಕೆ ಮುಗಿಯಿತು. ಹೇಗಾಯಿತೆಂದು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಮ್ಮ ಭಾಗಕ್ಕೆ ಬಂದವರು ಉರ್ದು ಸಾಲಿಯ ನಿಜಾಮುದ್ದೀನ ಮಾಸ್ತರರು. ಮೆತ್ತಗಿನ ಮನುಷ್ಯ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ. ಛಲೋ ಶಬ್ದವಿಲ್ಲವೆಂದು ಅಪ್ಪ ಅಂದಿದ್ದರಲ್ಲ, ನಾನೊಂದು ಶಬ್ದ ಹುಡುಕಿದೆ. "ಲಗ್ನ ಆಗೈತ್ರಿ?" ಎಂದು ಮಾಸ್ತರರು ಕೇಳುವುದು, "ಜೋಡಿ ಅದಾರ್ರಿ?" ಎಂದು ನಾನು ಕೇಳುವುದು. ಅದರಲ್ಲಿ ಬೈಗುಳವಿಲ್ಲ, ಅಪಶಕುನವಿಲ್ಲ. ಕೆಲವರು "ಇಲ್ಲರಿ" ಎಂದರು, ಕೆಲವರು ನೆಲ ನೋಡಿದರು. ನಾನು ಕಣ್ಣು ಸನ್ನೆ ಮಾಡುತ್ತಿದ್ದೆ, ಮಾಸ್ತರರು ಬರೆಯುತ್ತಿದ್ದರು. ಯಾರ ಮನಸ್ಸೂ ನೋಯಲಿಲ್ಲ. ಅಪ್ಪನನ್ನು ಸೋಲಿಸಿದೆ ಎಂದು ಒಳಗೊಳಗೇ ಹಿಗ್ಗಿದ್ದೆ.

ಮೂರನೆಯ ದಿನ ಗುಡ್ಡವ್ವನ ಮನೆಗೆ ಹೋದೆವು. ಮುದುಕಿ, ಮಗ ಸೊಸೆ ಇಬ್ಬರನ್ನೂ ಕಳೆದುಕೊಂಡು ಮೊಮ್ಮಗಳು ದಾನವ್ವನನ್ನು ಸಾಕಿದವಳು. ದಾನವ್ವ ವಸತಿಯ ಸಾಲಿಗೆ ಬಂದು ನನ್ನ ಕೈಯಲ್ಲೇ ನಾಲ್ಕನೇ ಇಯತ್ತೆ ಓದುತ್ತಾಳೆ. ಕಾಯ್ದೆಯ ಗದ್ದಲದ ವರ್ಷ ತೊಟ್ಟಿಲಲ್ಲೇ ಲಗ್ನವಾದವಳು. ಗಂಡ ಸೊಲ್ಲಾಪುರದಲ್ಲಿ ಅವನ ಸೋದರಮಾವನ ಮನೆಯಲ್ಲಿ ಓದುತ್ತಾನೆ ಎಂದು ಗೆಳತಿಯರಿಗೆಲ್ಲ ಹೇಳುತ್ತಿದ್ದಳು. ನಾನೂ ನಂಬಿದ್ದೆ. ಗಣತಿ ನೋಡಲು ಓಣಿಯ ಅರ್ಧ ಹೆಂಗಸರು ನಮ್ಮ ಬೆನ್ನಿಗೇ ಬಂದಿದ್ದರು, ಬಳೆಗಾರ್ತಿ ರೆಹಮತ್‌ಬಿಯೂ ಬುಟ್ಟಿ ಇಳಿಸಿ ನಿಂತಿದ್ದಳು.

"ಲಗ್ನ ಆಗೈತ್ರಿ?"

"ಆಗೈತ್ರಿ" ಎಂದಳು ಮುದುಕಿ.

"ಜೋಡಿ ಅದಾರ್ರಿ?" ಎಂದೆ ನಾನು. ಒಳಗಿನಿಂದ ದಾನವ್ವನೇ ಹೇಳಿದಳು, "ಸೊಲ್ಲಾಪುರದಾಗ ಅದಾರ್ರಿ ಅಕ್ಕೋರ."

ಮುದುಕಿಯ ಮುಖ ನೋಡಿದೆ. ನೋಡಿದ ಕೂಡಲೇ ತಿಳಿಯಿತು. ನಿಜಾಮುದ್ದೀನ ಮಾಸ್ತರರಿಗೂ ತಿಳಿಯಿತು. ಲೇಖನಿ ಎತ್ತಿ, "ಅಕ್ಕೋರ, ಇದೊಂದು ಬಿಡ್ರಿ, ಮುಂದಿನ ಮನಿಗೆ ಹೋಗೂಣು" ಎಂದರು.

ಆಗ ಹೋಗಬಹುದಿತ್ತು. ನಿನ್ನ ಮಾತು ನೆನಪಾಯಿತು, ಒಂದು ಮನೆಯಲ್ಲೂ ಬಿಡಬೇಡ ಎಂದದ್ದು. ವಸತಿಯ ಹದಿನಾಲ್ಕು ತಾಟು ಕಣ್ಣಿಗೆ ಬಂದವು. "ಆಯೀ, ಖರೇ ಹೇಳ್ರಿ. ಇದು ಸರಕಾರದ ಕೆಲಸ" ಎಂದೆ. ಜಂಗಮರ ಮನೆಯ ಮುದುಕಿ, ಕೊರಳಲ್ಲಿ ಲಿಂಗವಿದೆ. ಅದನ್ನು ಮುಟ್ಟಿಕೊಂಡು ಹೇಳಿದಳು, "ಅಂವ ಇಲ್ಲವಾ. ಲಗ್ನ ಆದ ಮಳಿಗಾಲದಾಗ ಹೋದ. ಕೂಸಿಗೆ ಹೇಳಿದ್ದಿಲ್ಲ."

ಹೆಂಗಸರಲ್ಲಿ ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಇನ್ನೊಬ್ಬಳು ಆಗಲೇ ಹೊರಟಿದ್ದಳು, ಹೇಳಲು ಅವಳಿಗೆ ಓಣಿಯೆಲ್ಲ ಇತ್ತು. ದಾನವ್ವ ಹೊಸ್ತಿಲಿಗೆ ಬಂದು ನನ್ನ ಮುಖ ನೋಡಿದಳು. ಲೆಕ್ಕ ತಪ್ಪಿದಾಗ ಹಾಗೇ ನೋಡುತ್ತಾಳೆ, ಸರಿಯಾದದ್ದನ್ನು ನಾನು ಹೇಳಿಕೊಡುತ್ತೇನೆಂದು.

ಮಾಸ್ತರರು ಬರೆದರು. ಮಸಿ ಆರಲೆಂದು ಚೀಟಿಯನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು.

ಲೆಕ್ಕ ಈ ಸಲ ಸರಿಯಾಗಿ ಬಂದಿದೆ. ನಮ್ಮ ಎರಡು ಓಣಿಗಳಲ್ಲೇ ಅವರ ಒಂಬತ್ತನ್ನು ದಾಟಿದೆವು.

ಅಕ್ಕ


ಪುಣೆ
ತಾ. ೨೦-೬-೧೯೪೧

ಅಕ್ಕಾ, ಎರಡು ಪತ್ರ ಬರೆದೆ, ಉತ್ತರವಿಲ್ಲ. ನೀನು ಮಾಡಿದ್ದು ತಪ್ಪಲ್ಲ. ಆ ಅಂಕಿ ಅಚ್ಚಾಗಿ ಬಂದ ದಿನ ನಿನಗೇ ಸಮಾಧಾನವಾಗುತ್ತದೆ. ಸಾಹೇಬರು ಕೂಡ ಅದನ್ನೇ ಕಾಯುತ್ತಿದ್ದಾರೆ. ಆ ಹುಡುಗಿ ಹೇಗಿದ್ದಾಳೆಂದು ಒಂದು ಸಾಲು ಬರೆ.

ಶಾಂತಯ್ಯ


ಹಳೇ ಹುಬ್ಬಳ್ಳಿ
ತಾ. ೭-೯-೧೯೪೧

ಶಾಂತೂನಿಗೆ,

ಬರೆಯಲು ಕೂತಾಗೆಲ್ಲ ಕೈ ಬೇರೆ ಕೆಲಸ ಹುಡುಕುತ್ತಿತ್ತು.

ಗಣತಿಯ ಮರುವಾರವೇ ಓಣಿಯ ಹಿರಿಯ ಹೆಂಗಸರು ಗುಡ್ಡವ್ವನ ಮನೆಗೆ ಹೋಗಿ, ತಿಳಿದ ಮೇಲೆ ಹಾಗೆ ಬಿಡಲು ಬಾರದೆಂದು ದಾನವ್ವನ ಬಳೆ ಒಡೆಸಿದರು. ಹತ್ತು ವರ್ಷ ಅವರಿಗೂ ಅನುಮಾನವಿತ್ತಂತೆ. ಅನುಮಾನವಿದ್ದಷ್ಟು ದಿನ ಯಾರೂ ಕೇಳಿರಲಿಲ್ಲ. ಕೇಳಿದವಳು ನಾನು. ಅವಳು ಅತ್ತದ್ದು ಗಂಡನಿಗಾಗಿ ಅಲ್ಲ, ಅವನನ್ನು ಅವಳು ಕಂಡವಳೇ ಅಲ್ಲ. ರೆಹಮತ್‌ಬಿ ಯುಗಾದಿಗೆಂದು ಇಟ್ಟ ಹೊಸ ಬಳೆಗಳಾಗಿದ್ದವು.

ಗುಡ್ಡವ್ವ ಆಷಾಢದಲ್ಲಿ ತೀರಿಕೊಂಡಳು. ರೋಗವೇನೂ ಇರಲಿಲ್ಲ, ಊಟ ಬಿಟ್ಟಿದ್ದಳು. ಕೊನೆಗೆ ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡಳು. "ನಿನ್ನ ತಪ್ಪಲ್ಲವಾ, ಸರಕಾರದ ಕೆಲಸ" ಎಂದಳು. ಬೈದಿದ್ದರೆ ಒಳ್ಳೆಯದಿತ್ತು.

ಹುಡುಗಿಯನ್ನು ಒಯ್ಯಲು ಕುಂದಗೋಳದಿಂದ ಅವಳ ಕಾಕಾ ಬಂದ. ಮನೆಯಲ್ಲಿ ಆರು ಮಕ್ಕಳು, ಹೆಂಡತಿಗೆ ಸದಾ ಜಡ್ಡು, ಕೆಲಸಕ್ಕೆ ಕೈ ಬೇಕಾಗಿದೆ ಎಂದು ಅವನೇ ಹೇಳಿದ. ಗಂಟೆಗಟ್ಟಲೆ ಬೇಡಿಕೊಂಡೆ. "ಆತರಿ ಅಕ್ಕೋರ, ನಿಮ್ಮ ವಸತಿ ಇರೂತನಕ ಇರ್ಲಿ. ವಸತಿ ಮುಚ್ಚಿದ ದಿನ ನಮ್ಮ ಮನಿಗೆ" ಎಂದು ಬಿಟ್ಟುಹೋದ. ಈಗ ಪಡಸಾಲೆಯಲ್ಲಿ ಹದಿನೈದು ತಾಟು. ಓದಿನಲ್ಲಿ ಎಲ್ಲರಿಗಿಂತ ಮುಂದಿದ್ದಾಳೆ, ಟ್ರೇನಿಂಗಿಗೆ ಕಳಿಸಿದರೆ ನಾಲ್ಕೈದು ವರ್ಷಕ್ಕೆ ತಾನೂ ನನ್ನಂತೆ ಸಾಲಿಯ ಅಕ್ಕೋರು ಆಗುತ್ತಾಳೆ.

ಅಂಕಿ ಯಾವಾಗ ಬರುತ್ತದೆ ಶಾಂತೂ? ಬಂದ ದಿನವೇ ತಾರು ಮಾಡು.

ಅಕ್ಕ


ಪುಣೆ
ತಾ. ೧೫-೨-೧೯೪೨

ಅಕ್ಕನಿಗೆ ಶರಣು.

ಇದನ್ನು ತಾರಿನಲ್ಲಿ ಹೇಳಲಾಗಲಿಲ್ಲ.

ಯುದ್ಧದ ಖರ್ಚಿನಿಂದಾಗಿ ಸರಕಾರ ಈ ಗಣತಿಯ ಚೀಟಿಗಳನ್ನು ಪೂರ್ತಿ ಎಣಿಸುವುದಿಲ್ಲವಂತೆ. ಊರಿಗೆ ಎಷ್ಟು ಜನ, ಯಾವ ಮತದವರು, ಅಷ್ಟು ಮಾತ್ರ ತೆಗೆಯುತ್ತಾರೆ. ವಯಸ್ಸು, ಲಗ್ನ, ವೈಧವ್ಯ, ಇವುಗಳ ಕೋಷ್ಟಕವೇ ಇರುವುದಿಲ್ಲ. ಕೇಳಿ ಬರೆಸಿದ್ದೆಲ್ಲ ಚೀಟಿಯ ಮೇಲಿದೆ, ಗೂಡಿಗೆ ಹಾಕುವವರಿಲ್ಲ. ಮುಂದೆಂದಾದರೂ ನೋಡಲು ಐವತ್ತಕ್ಕೊಂದು ಚೀಟಿ ತೆಗೆದಿಟ್ಟು, ಉಳಿದವನ್ನು ರದ್ದಿಗೆ ಹಾಕುತ್ತಾರೆ.

ಪ್ರಾಧ್ಯಾಪಕರ ಕೈಯಲ್ಲಿ ಪತ್ರ ಬರೆಸಿದೆ. ಕಚೇರಿಗೆ ಮೂರು ಸಲ ಹೋದೆ. ಸಾಹೇಬರು ಯುದ್ಧದ ಬೇರೆ ಕೆಲಸಕ್ಕೆ ಹೋಗಿದ್ದಾರೆ. ಅವರ ಜಾಗಕ್ಕೆ ಬಂದವರು ಕಡತ ತೆಗೆದು, ಹೊಸ ಅಂಕಿ ಇಲ್ಲದಿರುವಾಗ ಹಳೆಯದೇ ಚಾಲ್ತಿಯಲ್ಲಿರುತ್ತದೆ ಎಂದರು. ಒಂಬತ್ತು ಅಕ್ಕಾ, ಈಗಲೂ ಅದೇ ಒಂಬತ್ತು.

ಎರಡನೇ ಪ್ರಶ್ನೆ ಬಿಡಬೇಡ ಎಂದು ಬರೆದವನು ನಾನು. ಪುಣೆಯಲ್ಲಿ ಕೂತು ಬರೆಯುವುದು ಸುಲಭವಾಗಿತ್ತು. ಪ್ರಬಂಧ ಮುಂದುವರಿಸಲು ಮನಸ್ಸಾಗುತ್ತಿಲ್ಲ.

ಶಾಂತಯ್ಯ


ಹಳೇ ಹುಬ್ಬಳ್ಳಿ
ತಾ. ೫-೩-೧೯೪೨

ಚಿರಂಜೀವಿ ಶಾಂತೂನಿಗೆ ಅಕ್ಕನ ಆಶೀರ್ವಾದ.

ಪ್ರಬಂಧ ಬಿಡಬೇಡ. ಅಂಕಿ ಹೇಗೆ ತಪ್ಪಾಯಿತೆಂದಾದರೂ ಎಲ್ಲೋ ಒಂದು ಕಡೆ ಇರಲಿ.

ಗುರುಶಿದ್ದಪ್ಪನವರ ಮಕ್ಕಳಿಗೆ ನಿನ್ನ ಪತ್ರ ಓದಿ ಹೇಳಿದೆ. ತಮಗೂ ಕೆಟ್ಟದೆನಿಸಿತು ಎಂದರು. ಈ ತಿಂಗಳ ಕೊನೆಗೆ ಅಂಡಿಗೆ ಬರುತ್ತವೆ. ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕಳಿಸುತ್ತಿದ್ದೇನೆ. ಎಂಟು ಜನ ಹೋದರು. ಒಬ್ಬಳು ಹೋಗುವಾಗ ತನ್ನ ತಾಟನ್ನು ತಿಕ್ಕಿ ಬೋರಲು ಹಾಕಿ ಹೋದಳು, ನಾಳೆ ಬರುವವಳ ಹಾಗೆ. ದಾನವ್ವನನ್ನು ಒಯ್ಯಲು ಅವಳ ಕಾಕಾ ಶನಿವಾರ ಬರುತ್ತಾನೆ. ಇನ್ನಷ್ಟು ದಿನ ಇಟ್ಟುಕೊಳ್ಳುತ್ತೇನೆಂದು ಹೇಳಿ ಕಳಿಸಿದ್ದೆ. "ಮಾತಂದ್ರ ಮಾತು" ಎಂದು ಉತ್ತರ ಬಂತು. ಅಪ್ಪನ ಬಳಿ ಇಡೋಣವೆಂದರೆ ಅವರೇ ಕಾಕಾನ ಮನೆಯಲ್ಲಿ ಒಂದು ಮೂಲೆ ಹಿಡಿದು ಕೂತಿದ್ದಾರೆ. ನನಗೂ ಈಗ ಅದೇ ಮನೆಯ ಇನ್ನೊಂದು ಮೂಲೆ.

ನಿನ್ನೆ ದಾನವ್ವನಿಗೆ ಎಲ್ಲವನ್ನೂ ಹೇಳಿದೆ. ವಸತಿ ಯಾಕೆ ಮುಚ್ಚುತ್ತದೆ, ಚೀಟಿಗಳು ಏನಾದವು, ಎಲ್ಲ. ಅವಳಿಂದ ಮುಚ್ಚಿಟ್ಟದ್ದು ಸಾಕಾಗಿತ್ತು. ಅವಳು ತನ್ನದನ್ನೇ ಕೇಳಿದಳು.

"ನನ್ನ ಚೀಟೀನೂ ರದ್ದಿಗೆ ಹಾಕ್ತಾರೇನ್ರಿ?"

"ಹಾಕ್ತಾರ."

"ಹಂಗಾದ್ರ ಅದರಾಗ ಬರದದ್ದು ಇಲ್ಲದಂಗ ಆತಲ್ರಿ. ಬಳಿ ಇಟ್ಕೊಳ್ಳಲೇನ್ರಿ ಅಕ್ಕೋರ?"

ಅವಳಿಗೆ ಅದೆಲ್ಲ ಆ ಚೀಟಿಯಿಂದಲೇ ಆದದ್ದು. ಅವಳ ಪಾಲಿಗೆ ಅದು ಸುಳ್ಳೂ ಅಲ್ಲ. ಅದಕ್ಕೂ ಮೊದಲು ಸೊಲ್ಲಾಪುರದಲ್ಲಿ ಒಬ್ಬನಿದ್ದ.

ಐವತ್ತರಲ್ಲೊಂದು ಚೀಟಿ ಇಡುತ್ತಾರೆಂದು ಬರೆದಿದ್ದೀ. ಅವಳದು ಅದರಲ್ಲಿ ಸಿಕ್ಕದಿರಲಿ ಎಂದು ನಿನ್ನೆಯಿಂದ ಬೇಡಿಕೊಳ್ಳುತ್ತಿದ್ದೇನೆ. ಅದನ್ನು ಬರೆಸಿದವಳೂ ನಾನೇ.

ಓಣಿಯಲ್ಲಿ ಹೋಗುತ್ತಿದ್ದ ರೆಹಮತ್‌ಬಿಯನ್ನು ಕೂಗಿ ಕರೆದೆ. ಅವಳು ಬುಟ್ಟಿ ಇಳಿಸಿ, ದಾನವ್ವನ ಬರಿಗೈ ನೋಡಿ, ನನ್ನನ್ನು ನೋಡಿದಳು. ಎಲ್ಲ ಗೊತ್ತಿದ್ದವಳು, ಆ ದಿನ ಬಾಗಿಲಲ್ಲೇ ನಿಂತಿದ್ದವಳು. ಆದರೂ ಹೊಸಬಳಂತೆ ಕೇಳಿದಳು.

"ಲಗ್ನ ಆಗೈತ್ರಿ? ಹಸರ ಬಳಿ ಇಡಲಿ, ಬ್ಯಾರೆ ಇಡಲಿ?"

"ಲಗ್ನ ಆಗಿಲ್ಲ" ಎಂದೆ. "ಯಾವ ಬಣ್ಣ ಬೇಕೋ ಆಕಿನ್ನೇ ಕೇಳು."

ಕೆಂಪು ಬೇಕೆಂದಳು. ಕೈಗೆ ಆರರಂತೆ ಇಡಿಸಿದೆ. ರಾತ್ರಿ ಓದಲು ಕೂತಾಗ ಪುಟ ತಿರುವುವ ನೆವದಲ್ಲಿ ಅವನ್ನು ಕುಲುಕಿಸುತ್ತಿದ್ದಳು, ನಾನು ಸದ್ದು ಮಾಡಬೇಡ ಅನ್ನಲಿಲ್ಲ.

ಶನಿವಾರದವರೆಗೆ ಅವು ಅವಳ ಕೈಯಲ್ಲಿರುತ್ತವೆ.

ನಿನ್ನ ಅಕ್ಕ
ಚನ್ನಬಸವ್ವ